ತಿಥಿಗೆ ಮೊದಲೇ ಬಂದ ಬ್ರೋಕರ್

ಅಪ್ಪ ತೀರಿಕೊಂಡು ಒಂಬತ್ತು ದಿನ. ಹನ್ನೊಂದರ ಕಾರ್ಯ ಇನ್ನೂ ಆಗಿರಲಿಲ್ಲ, ಮನೆ ಮುಂದೆ ಕಾರು ನಿಂತಿತು. ಗುರುತಿಲ್ಲದ ಆಸಾಮಿ. ಸಮಾಧಾನ ಹೇಳಿದ, ಕಾಫಿ ಕುಡಿದ. ಆಮೇಲೆ ಮೆಲ್ಲಗೆ, "ನಾಲ್ಕೆಕರೆ ಖುಷ್ಕಿ ಇನ್ನೂ ನಿಮ್ಮ ತಾತನ ಹೆಸರಲ್ಲೇ ಇದೆಯಲ್ಲ ಯಜಮಾನ್ರೇ" ಅಂದ. ನನಗೇ ಮರೆತಿದ್ದ ಸರ್ವೆ ನಂಬರು ಅವನ ಬಾಯಲ್ಲಿತ್ತು!

ಇವರ ಕಸುಬೇ ಇದು. ಪಹಣಿ ಯಾರು ಬೇಕಾದರೂ ನೋಡಬಹುದು. ಸತ್ತವರ ಹೆಸರಲ್ಲೇ ಉಳಿದ ಜಮೀನು, ಆಸ್ಪತ್ರೆ ಸಾಲ, ಪೇಟೆ ಸೇರಿದ ಅಣ್ಣತಮ್ಮಂದಿರು - ಇಷ್ಟಿದ್ದರೆ ಅಗ್ಗದ ವ್ಯಾಪಾರ. ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದೆಂದು 2020ರಲ್ಲಿ ಕಾನೂನು ಸಡಿಲಿಸಿದ ಮೇಲಂತೂ ಕೇಳುವುದೇ ಬೇಡ.

ಅವನನ್ನು ಬೈದು ಏನು ಫಲ? ಪೌತಿ ಖಾತೆ ಮಾಡಿಸದೆ ಎರಡು ತಲೆಮಾರು ಕೂತವರು ನಾವೇ. ಬೆಂಗಳೂರಿನ ತಮ್ಮ ಆಗಲೇ ಅಡ್ವಾನ್ಸಿಗೆ ಬಾಯಿಬಿಟ್ಟಿದ್ದ. ವಾರಸುದಾರನೊಬ್ಬ ಪಾಲು ಮಾರಿದರೆ ಉಳಿದವರಿಗೆ ಮೊದಲು ಕೊಳ್ಳುವ ಹಕ್ಕುಂಟು, ಅದು ಹೊಲಕ್ಕೂ ಅನ್ವಯ ಎಂದು ಸುಪ್ರೀಂ ಕೋರ್ಟು 2019ರಲ್ಲೇ ಹೇಳಿದೆ. ಹಕ್ಕೇನೋ ಇದೆ, ಕಾಸೆಲ್ಲಿದೆ?

ಹೊಲ ಉಳಿಸಿದ್ದು ನಾನಲ್ಲ, ತಂಗಿ. ಅವಳ ಕೈಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿ ಸೀರೆ ಕೊಟ್ಟು ಕಳಿಸೋಣ ಅಂತ ನಾನೂ ಅಂದುಕೊಂಡಿದ್ದವನೇ, ಸುಳ್ಳೇಕೆ ಹೇಳಲಿ. 2005ರ ತಿದ್ದುಪಡಿಯಿಂದ ಅವಳಿಗೂ ಸಮಪಾಲು. "ಅಪ್ಪನ ಹೊಲ ಮಾರೋಕೆ ನಾನು ಸಹಿ ಹಾಕಲ್ಲ ಅಣ್ಣಾ" ಅಂದುಬಿಟ್ಟಳು. ಅವಳ ಸಹಿ ಇಲ್ಲದ ಜಮೀನು ಬ್ರೋಕರನಿಗೂ ಬೇಡವಾಯಿತು.

ಮರಣ ಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಮೂವರೂ ಹೋದೆವು. ಪಹಣಿಯಲ್ಲೀಗ ಮೂರು ಹೆಸರಿದೆ. ತಮ್ಮ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.