ಜೀಪ್ ಮೊದಲು, ಹೆಸರು ಆಮ್ಯಾಲ ಅನ್ನೋರಿಗೆ

ಮಳೆಗಾಲದಾಗ ಜಾಂಬೋಟಿ, ಕಣಕುಂಬಿ ಕಡೆ ಹೊಲಕ್ಕ ಹೋಗಬೇಕಂದ್ರ ಫೋರ್ ವೀಲ್ ಜೀಪ್ ಬೇಕ, ಒಪ್ಪತೀನಿ. ಆದ್ರ ಬಾಂಡ್ ಮ್ಯಾಲೆ ಸಹಿ ಹಾಕಿ, ಪೂರಾ ರೊಕ್ಕ ಕೈಯಾಗ ಕೊಟ್ಟು, "ಹೆಸರು ಆಮ್ಯಾಲ ಮಾಡಿಸೋಣ" ಅನ್ನೋ ಚಾಳಿ ನಿಲ್ಲಬೇಕು.

ಮಾರೋರಿಗೇ ಮೊದಲು ಹೇಳ್ತೀನ್ರಿ, ಹೆಚ್ಚು ಸಿಕ್ಕಿಬೀಳೋರು ನೀವ. 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಗಾಡಿ ಕೈಯಿಂದ ಕೈಗೆ ದಾಟಿ ಹೋಗಿತ್ತು. ಆರ್‌ಸಿಯಲ್ಲಿ ಹೆಸರು ಮೊದಲು ಮಾರಿದವಂದ ಉಳಿದಿತ್ತು. ಅಪಘಾತದ ಪರಿಹಾರ ಅವನೇ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಬಾಂಡ್ ಪೇಪರ್ ಅಲ್ಲಿ ಏನು ಮಾಡೀತು? ಇನ್ನ ಒಂದೇ ವ್ಯವಹಾರಕ್ಕ 2 ಲಕ್ಷ ಅಥವಾ ಹೆಚ್ಚು ನಗದು ತಗೊಂಡ್ರ, 2017ರಿಂದ ತಗೊಂಡವರಿಗೇ ಅಷ್ಟೇ ದಂಡ.

"ನಂಬಿಕೆ ಇಲ್ಲೇನ?" ಅಂತ ಕೇಳ್ತಾರ. ಐತಿ, ಅದಕ್ಕ ಬ್ಯಾಂಕಿನಾಗ ಹಾಕ್ತೀನಿ ಅನ್ರಿ.

ಕೊಳ್ಳೋರು ಎಂಎಚ್, ಜಿಎ ನಂಬರ್ ಗಾಡಿ ಅಗ್ಗ ಅಂತೀರಿ. ಆ ಕಡೆಯ ಎನ್‌ಒಸಿ, ಈ ಕಡೆಯ ತೆರಿಗೆ ಎರಡೂ ಲೆಕ್ಕ ಹಿಡೀರಿ. ಆರ್‌ಸಿಯಲ್ಲಿ ಸಾಲ ತೋರಿಸ್ತಿದ್ರ ಬಾಕಿಯನ್ನ ನೇರ ಸಾಲದ ಖಾತೆಗೇ ಕಟ್ಟಿ ಫಾರ್ಮ್ 35 ಇಸ್ಕೊಳ್ರಿ. ಮುಂಗಡ ಸಣ್ಣದಿರಲಿ. ಉಳಿದದ್ದು ಬೆಳಗಾವಿ ಆರ್‌ಟಿಓಗೆ 29, 30ನೇ ಫಾರ್ಮ್ ಕೊಟ್ಟ ದಿನ, ಅದಕ್ಕಿಂತ ಮೊದಲು ಬ್ಯಾಡ.