ಇಲ್ಲದ ಪ್ರಾಣಿಯ ಕೂದಲು ಯಾವ ಕಡೆಗೆ?



ಮಣ್ಣಿನ ಮಾದರಿ ಸ್ಪರ್ಧೆಗೆ ನೀವೂ ಒಂದಲ್ಲ ಒಂದು ಸಲ ತೀರ್ಪುಗಾರರಾಗಿ ಕುಳಿತಿರುತ್ತೀರಿ. ಗಣಪತಿ, ಆನೆ, ಬಸವಣ್ಣ, ಹಣ್ಣಿನ ಬುಟ್ಟಿ ಸಾಲಾಗಿ ಬರುತ್ತವೆ. ಕೆಲವು ವರ್ಷಗಳ ಹಿಂದೆ ಇಂಥದೊಂದು ಸ್ಪರ್ಧೆಯಲ್ಲಿ ಆರನೇ ತರಗತಿಯ ಹುಡುಗಿಯೊಬ್ಬಳು ಕರಡಿಯ ಮೈಗೆ ಕಡವೆಯ ಕೊಂಬು ಇಟ್ಟಿದ್ದಳು. ಮೈತುಂಬ ಕೂದಲು ತೀಡಿದ್ದಳು. ಕಾಲ ಕೆಳಗೆ ಅಂಗೈಯಗಲದ ನೆಲ, ಅದರ ಮೂಲೆಯಲ್ಲಿ ಒಂದು ಹುತ್ತ. “ಇಂಥ ಪ್ರಾಣಿ ಎಲ್ಲಿದೆಯಮ್ಮ?” ಎಂದು ನಾವು ಮೂವರು ತೀರ್ಪುಗಾರರೂ ನಕ್ಕೆವು. ಬಹುಮಾನ ಗಣಪತಿಗೆ ಹೋಯಿತು. ಆಕೆಗೆ ಕೇಳಬೇಕಾಗಿದ್ದ ಪ್ರಶ್ನೆ ಅದಲ್ಲ ಎಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಇಲ್ಲದ ಪ್ರಾಣಿಯನ್ನು ಮಾಡುವುದು ಕಲೆಯ ಪೀರಿಯಡ್ಡಿಗೆ ಸೇರಿದ್ದು, ವಿಜ್ಞಾನಕ್ಕಲ್ಲ ಎಂದು ನಾವು ನಂಬಿದ್ದೇವೆ. ನನ್ನ ಅಭಿಪ್ರಾಯ ಬೇರೆ. ಇರುವ ಆನೆಯನ್ನು ಚಿತ್ರ ನೋಡಿ ನಕಲು ಮಾಡಬಹುದು. ಇಲ್ಲದ ಪ್ರಾಣಿಯನ್ನು ನಕಲು ಮಾಡಲು ಚಿತ್ರವೇ ಇಲ್ಲ. ಅದರ ಒಂದೊಂದು ಅಂಗಕ್ಕೂ ಮಗು ಕಾರಣ ಹುಡುಕಬೇಕಾಗುತ್ತದೆ.

ಇದನ್ನೇ ಕಸುಬು ಮಾಡಿಕೊಂಡವರು ಪಶ್ಚಿಮ ದೇಶಗಳಲ್ಲಿದ್ದಾರೆ. ಅಮೆರಿಕದಲ್ಲಿ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಬಂತು. ಬ್ರಿಟನ್ನಿನಲ್ಲಿ 1983ರಲ್ಲಿ ‘ವಾರ್‌ಹ್ಯಾಮರ್’ ಬಂತು. ಮಾಂತ್ರಿಕರು, ರಾಕ್ಷಸರು, ವಿಚಿತ್ರ ಮೃಗಗಳು ತುಂಬಿದ ಈ ಆಟಗಳಲ್ಲಿ ಮೇಜಿನ ಮೇಲೆ ಪುಟಾಣಿ ಮೂರ್ತಿಗಳನ್ನು ನಡೆಸುತ್ತಾರೆ. ಮನುಷ್ಯನ ಮೂರ್ತಿ ಸುಮಾರು 28 ಮಿ.ಮೀ. ಎತ್ತರ, ಅಂದರೆ ನಮ್ಮ ಹೆಬ್ಬೆರಳಿನ ಅರ್ಧದಷ್ಟು. ಆ ಆಟದಲ್ಲಿ ‘ಔಲ್‌ಬೇರ್’ ಎಂಬ ಮೃಗವಿದೆ. ಗೂಬೆಯ ತಲೆ, ಕರಡಿಯ ಮೈ; ನಾವು ‘ಗೂಬೆಗರಡಿ’ ಎನ್ನೋಣ. ಇದು ಹುಟ್ಟಿದ್ದು ಅಗ್ಗದ ಪ್ಲಾಸ್ಟಿಕ್ ಆಟಿಕೆಯೊಂದನ್ನು ನೋಡಿ. ಜಾತ್ರೆಯಲ್ಲಿ ಪೊಟ್ಟಣ ಕಟ್ಟಿ ಮಾರುತ್ತಾರಲ್ಲ, ಆ ಬಗೆಯ ಆಟಿಕೆ!

ಈಗ ಗೂಬೆಗರಡಿಯನ್ನು ಮಾಡಲು ಕುಳಿತ ಶಿಲ್ಪಿಯ ಪಾಡು ನೋಡಿ. ಮೊದಲು ತಂತಿ ಬಗ್ಗಿಸಿ ಒಂದು ಅಸ್ಥಿಪಂಜರ. ಅದರ ಮೇಲೆ ಎಪಾಕ್ಸಿ ಪುಟ್ಟಿ. ಹಳದಿ ಪಟ್ಟಿ, ನೀಲಿ ಪಟ್ಟಿ ಎರಡನ್ನೂ ಕಲಸಿದರೆ ಹಸಿರು ಮುದ್ದೆಯಾಗುತ್ತದೆ. ಒಂದರಲ್ಲಿ ರಾಳ, ಇನ್ನೊಂದರಲ್ಲಿ ಗಟ್ಟಿಕಾರಕ. ಅವುಗಳ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಜಾಲವಾಗುತ್ತವೆ. ಒಂದೆರಡು ಗಂಟೆ ಮೆತ್ತಗಿದ್ದು, ಮರುದಿನಕ್ಕೆ ಕಲ್ಲಿನಂತಾಗುತ್ತದೆ. ನಮ್ಮ ಪ್ಲಂಬರುಗಳು ಪೈಪಿನ ಸೋರಿಕೆಗೆ ಮೆತ್ತುವ ಎಂ-ಸೀಲ್ ಕೂಡ ಇದೇ ಜಾತಿಯದು. (ಹಸಿ ಎಪಾಕ್ಸಿ ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತದೆ. ಮಕ್ಕಳ ಕೈಗೆ ಕೊಡಬೇಡಿ. ನಮಗೆ ಕೆರೆಯ ಜೇಡಿಮಣ್ಣೇ ಸಾಕು.)

ಮೈಯ ಉಬ್ಬುತಗ್ಗು ಗಟ್ಟಿಯಾದ ಮೇಲೆ ತುಪ್ಪಳದ ಸರದಿ. ಹೊಸಬರೆಲ್ಲ ಇಲ್ಲಿ ಒಂದೇ ತಪ್ಪು ಮಾಡುತ್ತಾರೆ: ಸೂಜಿಯಿಂದ ಮೈತುಂಬ ಗೀರು ಎಳೆಯುತ್ತಾರೆ. ಫಲವಾಗಿ ಕರಡಿ ತೆಂಗಿನಕಾಯಿಯಂತೆ ಕಾಣುತ್ತದೆ. ಏಕೆ? ಒಂದು ಸಣ್ಣ ಲೆಕ್ಕ ಮಾಡಿಸಿ. 168 ಸೆಂ.ಮೀ. ಎತ್ತರದ ಮನುಷ್ಯ 28 ಮಿ.ಮೀ. ಆದರೆ ಅಳತೆ 60ರಲ್ಲಿ ಒಂದು ಭಾಗಕ್ಕೆ ಇಳಿಯಿತು. ನಮ್ಮ ತಲೆಗೂದಲಿನ ದಪ್ಪ ಸುಮಾರು 0.06 ಮಿ.ಮೀ. ಅದನ್ನು 60ರಿಂದ ಭಾಗಿಸಿದರೆ 0.001 ಮಿ.ಮೀ. ಅಷ್ಟು ಸಣ್ಣ ಗೀರನ್ನು ಎಳೆಯುವ ಸೂಜಿಯಿಲ್ಲ. ಎಳೆದರೂ ಕಣ್ಣಿಗೆ ಕಾಣದು. ಆದ್ದರಿಂದ ಬಲ್ಲ ಶಿಲ್ಪಿ ಕೂದಲನ್ನು ಮಾಡುವುದೇ ಇಲ್ಲ, ಕೂದಲ ಕುಚ್ಚುಗಳನ್ನು ಮಾಡುತ್ತಾನೆ. 15 ಸೆಂ.ಮೀ. ಉದ್ದದ ಕುಚ್ಚು ಈ ಅಳತೆಯಲ್ಲಿ ಎರಡೂವರೆ ಮಿ.ಮೀ. ಆಗುತ್ತದೆ. ಅದನ್ನು ಮಾಡಬಹುದು. ಮಳೆಯಲ್ಲಿ ನೆನೆದು ಬಂದ ನಾಯಿಯನ್ನು ನೋಡಿದ್ದೀರಲ್ಲ? ನೀರಿನ ಮೇಲ್ಮೈ ಎಳೆತ ಕೂದಲುಗಳನ್ನು ಕುಚ್ಚು ಕುಚ್ಚಾಗಿ ಅಂಟಿಸಿರುತ್ತದೆ. ಬುಡದಲ್ಲಿ ಅಗಲ, ತುದಿಯಲ್ಲಿ ಚೂಪು. ಶಿಲ್ಪಿಗೆ ಬೇಕಾದದ್ದು ಅದೇ ಆಕಾರ.

ಕುಚ್ಚುಗಳನ್ನು ಎಲ್ಲಿಂದ ಶುರು ಮಾಡಬೇಕು? ಮನೆಗೆ ಹಂಚು ಹೊದಿಸುವವರನ್ನು ಕೇಳಿ. ಸೂರಿನ ಅಂಚಿನಿಂದ ಶುರು ಮಾಡಿ ಮೇಲಕ್ಕೆ ಹೋಗುತ್ತಾರೆ. ಮೇಲಿನ ಸಾಲು ಕೆಳಗಿನ ಸಾಲಿನ ತಲೆಯನ್ನು ಮುಚ್ಚುತ್ತದೆ, ಮಳೆನೀರು ಒಳಗಿಳಿಯದೆ ಜಾರುತ್ತದೆ. ತುಪ್ಪಳವೂ ಹೀಗೆಯೇ. ಬಹುಪಾಲು ಸಸ್ತನಿಗಳಲ್ಲಿ ಕೂದಲು ತಲೆಯಿಂದ ಬಾಲದ ಕಡೆಗೆ, ಬೆನ್ನಿನಿಂದ ಹೊಟ್ಟೆಯ ಕಡೆಗೆ ವಾಲಿರುತ್ತದೆ. ಆದ್ದರಿಂದ ಶಿಲ್ಪಿ ಹೊಟ್ಟೆ, ಬಾಲಗಳಿಂದ ಶುರು ಮಾಡಿ ಬೆನ್ನು, ಕತ್ತುಗಳಿಗೆ ಬರುತ್ತಾನೆ. ದಕ್ಷಿಣ ಅಮೆರಿಕದ ಸ್ಲಾತ್ ಎಂಬ ಪ್ರಾಣಿ ಬದುಕಿನ ಬಹುಪಾಲನ್ನು ಕೊಂಬೆಯಿಂದ ಬೆನ್ನು ಕೆಳಗಾಗಿ ನೇತಾಡುತ್ತ ಕಳೆಯುತ್ತದೆ. ಅದರ ಕೂದಲು ಹೊಟ್ಟೆಯ ನಡುವೆ ಬೈತಲೆಯಂತೆ ಇಬ್ಭಾಗವಾಗಿ ಬೆನ್ನಿನ ಕಡೆಗೆ ಇಳಿಯುತ್ತದೆ. ತಲೆಕೆಳಗಾದ ಮನೆಗೆ ತಲೆಕೆಳಗಾದ ಹಂಚು! ಈ ಒಂದು ಸಂಗತಿ ಗೊತ್ತಿರುವ ಮಗು ತನ್ನ ಕಾಲ್ಪನಿಕ ಪ್ರಾಣಿಗೆ ಕೂದಲು ಕೂರಿಸುವ ಮುನ್ನ “ಇದು ಹೇಗೆ ಮಲಗುತ್ತದೆ?” ಎಂದು ತನ್ನನ್ನೇ ಕೇಳಿಕೊಳ್ಳುತ್ತದೆ.

ಇದನ್ನು ಕಲಿಸಲು ಪುಸ್ತಕ ಬೇಡ, ದನದ ಕೊಟ್ಟಿಗೆ ಸಾಕು. ಮಕ್ಕಳು ಒಂದು ಸಾಧು ಹಸುವಿನ ಮೈಮೇಲೆ ಮೆಲ್ಲಗೆ ಕೈಯಾಡಿಸಲಿ. ಎಲ್ಲಿ ಕೈ ನುಣ್ಣಗೆ ಜಾರುತ್ತದೆ, ಎಲ್ಲಿ ಒರಟಾಗಿ ತಡೆಯುತ್ತದೆ ಎಂದು ನೋಡಲಿ. ಹಸುವಿನ ಚಿತ್ರ ಬರೆದು ದಿಕ್ಕನ್ನು ಬಾಣದ ಗುರುತಿನಿಂದ ತುಂಬಲಿ. ಹಣೆಗೆ ಬಂದಾಗ ಬಾಣಗಳು ತಬ್ಬಿಬ್ಬಾಗುತ್ತವೆ. ಅಲ್ಲಿ ಕೂದಲು ಒಂದು ಬಿಂದುವಿನಿಂದ ಸುತ್ತಲೂ ಹರಡಿರುತ್ತದೆ. ಅದೇ ಸುಳಿ.

ಸುಳಿಯ ಮಾತು ಬಂತು, ಸ್ವಲ್ಪ ನಿಲ್ಲೋಣ. ನಮ್ಮ ದನದ ಜಾತ್ರೆಗಳಲ್ಲಿ ಎತ್ತಿನ ಹಲ್ಲು ನೋಡುವ ರೈತ ಸುಳಿಯನ್ನೂ ನೋಡುತ್ತಾನೆ. ಹಲ್ಲು ನೋಡುವುದು ಸರಿ, ಅದರಿಂದ ವಯಸ್ಸು ತಿಳಿಯುತ್ತದೆ. ಆದರೆ ಇಂಥ ಕಡೆ ಸುಳಿಯಿದ್ದರೆ ಮನೆಗೆ ಕೇಡು ಎಂದು ಒಳ್ಳೆಯ ಎತ್ತನ್ನು ಕಡಿಮೆ ಬೆಲೆಗೆ ಕೊಡುವವರಿದ್ದಾರೆ. ಕರು ತಾಯಿಯ ಹೊಟ್ಟೆಯಲ್ಲಿದ್ದಾಗಲೇ, ಚರ್ಮ ಬೆಳೆಯುವ ಹೊತ್ತಿನಲ್ಲಿ, ಕೂದಲಿನ ಬುಡಗಳು ಒಂದೊಂದು ಕಡೆಗೆ ವಾಲಿಕೊಳ್ಳುತ್ತವೆ. ಬೇರೆ ಬೇರೆ ದಿಕ್ಕಿನ ವಾಲಿಕೆಗಳು ಕೂಡುವ ಕಡೆ ಸುಳಿ ಮೂಡುತ್ತದೆ. ನಿಮ್ಮ ನೆತ್ತಿಯ ಮೇಲೂ ಒಂದಿದೆ, ಮುಟ್ಟಿ ನೋಡಿ. ಈ ಮಾತನ್ನು ನಾನು ಹೇಳಿದರೆ ಮಕ್ಕಳು ತಲೆಯಾಡಿಸುತ್ತಾರೆ, ಸಂಜೆ ಮನೆಗೆ ಹೋಗಿ ಮರೆಯುತ್ತಾರೆ. ಆದರೆ ಮಣ್ಣಿನ ಹಣೆಯ ಮೇಲೆ ನಾಲ್ಕು ಕಡೆಯಿಂದ ಕುಚ್ಚು ಕೂರಿಸುತ್ತ ಬಂದ ಹುಡುಗ ನಡುವೆ ಏನು ಮಾಡುವುದೆಂದು ತಿಳಿಯದೆ ಒದ್ದಾಡಿ, ಕೊನೆಗೆ ತಾನೇ ಒಂದು ಸುಳಿ ತಿರುವಿದನೆಂದುಕೊಳ್ಳಿ. ಅವನಿಗೆ ಸುಳಿಯ ಭಯ ಉಳಿಯುವುದು ಕಷ್ಟ. ಕಾಲ್ಪನಿಕ ಪ್ರಾಣಿಗಳು ಮೂಢನಂಬಿಕೆ ಬೆಳೆಸುತ್ತವೆ ಎನ್ನುವವರಿಗೆ ನನ್ನ ಉತ್ತರ ಇದು.

ತುಪ್ಪಳ ಎಲ್ಲ ಕಡೆಯೂ ಒಂದೇ ಸಮನಾಗಿರುವುದಿಲ್ಲ. ನಾಯಿಯ ಮೂತಿಯ ಮೇಲೆ ಗಿಡ್ಡ ಕೂದಲು ಮೂಗಿನಿಂದ ಹಿಂದಕ್ಕೆ ಹೋಗುತ್ತದೆ. ಮೊಣಕೈ ಮಡಚಿದ ಕಡೆ ಕುಚ್ಚುಗಳು ಬಾಯಿ ಬಿಡುತ್ತವೆ. ಚಳಿನಾಡಿನ ಎಷ್ಟೋ ಪ್ರಾಣಿಗಳಲ್ಲಿ ಹೊರಗೆ ಒರಟು ಉದ್ದ ಕೂದಲು, ಒಳಗೆ ಮೆತ್ತನೆಯ ದಟ್ಟ ತುಪ್ಪಳ ಎಂದು ಎರಡು ಪದರವಿರುತ್ತದೆ. ಕಡಲ ನೀರುನಾಯಿಗೆ ಒಂದು ಚದರ ಸೆಂಟಿಮೀಟರಿನಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಕೂದಲುಗಳಿರಬಹುದು. ನಮ್ಮ ಇಡೀ ತಲೆಯಲ್ಲಿರುವುದೇ ಸುಮಾರು ಒಂದು ಲಕ್ಷ! ದರೋಜಿಯ ಬಂಡೆಗಳ ನಡುವೆ ಓಡಾಡುವ ನಮ್ಮ ಕರಡಿಗೆ ಅಂಥ ಒಳಪದರ ಇಲ್ಲವೆನ್ನುವಷ್ಟು ಕಡಿಮೆ. ಕತ್ತು, ಭುಜಗಳ ಮೇಲೆ ಮಾತ್ರ ಉದ್ದನೆಯ ಕೆದರಿದ ಜೂಲು. ಹಾಗಾದರೆ ಗೂಬೆಗರಡಿ ಯಾವ ನಾಡಿನದು? ಶಿಲ್ಪಿ ತೀರ್ಮಾನಿಸಲೇಬೇಕು. ಇನ್ನು ಗರಿ ಮುಗಿದು ಕೂದಲು ಶುರುವಾಗುವ ಕತ್ತಿನ ಭಾಗ ಅವನಿಗೆ ದೊಡ್ಡ ಪರೀಕ್ಷೆ. ಗರಿ, ಕೂದಲು, ಉಗುರು, ಕೊಕ್ಕು ಎಲ್ಲದರಲ್ಲೂ ಇರುವುದು ಕೆರಾಟಿನ್ ಎಂಬ ಪ್ರೋಟೀನು. ಗರಿಗಳೂ ಹಂಚಿನಂತೆ ಒಂದರ ಮೇಲೊಂದು ಕೂರುತ್ತವೆ. ಆದ್ದರಿಂದ ಗರಿಗಳು ಕ್ರಮೇಣ ಕಿರಿದಾಗಿ, ತುದಿ ಸೀಳಿ, ಕುಚ್ಚಾಗುತ್ತ ಹೋದರೆ ನೋಡಿದವರು ನಂಬುತ್ತಾರೆ. ಗೆರೆ ಎಳೆದಂತೆ ಇಲ್ಲಿಗೆ ಗರಿ, ಇಲ್ಲಿಂದ ಕೂದಲು ಎಂದರೆ ನಂಬುವುದಿಲ್ಲ.

ನಮ್ಮ ಶಿಲ್ಪಿಗಳೂ ಇಲ್ಲದ ಪ್ರಾಣಿಗಳಲ್ಲಿ ಹಿಂದೆ ಬಿದ್ದವರಲ್ಲ. ಹಳೇಬೀಡಿನ ಗೋಡೆಯ ಪಟ್ಟಿಕೆಗಳಲ್ಲಿ ಮಕರಗಳ ಸಾಲೇ ಇದೆ. ಆದರೆ ಬೇಲೂರಿನ ಸಿಂಹದ ಕೇಸರದ ಗುಂಗುರುಗಳು ಅಲಂಕಾರದವು. ಕಣ್ತುಂಬ ನೋಡಿ ಬನ್ನಿ, ತುಪ್ಪಳದ ಪಾಠಕ್ಕೆ ಮಾತ್ರ ಹಸುವಿನ ಬಳಿಗೇ ಹೋಗಿ.

ಈಗ ಪೀಠ. ನಮ್ಮ ಮಕ್ಕಳು ಪ್ರಾಣಿ ಮುಗಿದ ಮೇಲೆ ಅದನ್ನು ರಟ್ಟಿನ ಮೇಲಿಟ್ಟು, ಸುತ್ತ ಹಸಿರು ಬಣ್ಣ ಬಳಿದ ಮರದ ಹೊಟ್ಟು ಚೆಲ್ಲುತ್ತಾರೆ. ಇದು ತಿರುಗುಮುರುಗು. ಪೀಠ ಮೊದಲು ಆಗಬೇಕು, ತುಪ್ಪಳ ಆಮೇಲೆ. ಗೂಬೆಗರಡಿ ಎರಡು ಕಾಲಿನ ಮೇಲೆ ಎದ್ದು, ಕೈ ಚಾಚಿ, ದೊಡ್ಡ ತಲೆಯನ್ನು ಮುಂದಕ್ಕೆ ಬಾಗಿಸಿದೆ. ಮೂರು ಮೀಟರ್ ಎತ್ತರದ ಮೃಗ ಎಂದುಕೊಂಡರೆ ಮೂರ್ತಿ 5 ಸೆಂ.ಮೀ. ಭಾರವೆಲ್ಲ ಮೇಲೆ ಮತ್ತು ಮುಂದೆ. ಗುರುತ್ವ ಕೇಂದ್ರದಿಂದ ನೇರ ಕೆಳಗಿಳಿದ ರೇಖೆ ಪೀಠದ ಒಳಗೆ ಬೀಳದಿದ್ದರೆ ಮೂರ್ತಿ ಮಗುಚುತ್ತದೆ. ತರಗತಿಯಲ್ಲಿ ಹೀಗೆ ಮಾಡಿ. ಪ್ರಾಣಿಯ ಪಕ್ಕನೋಟವನ್ನು ರಟ್ಟಿನಲ್ಲಿ ಕತ್ತರಿಸಿ. ಅಂಚಿನ ಒಂದು ತೂತಿನಿಂದ ತೂಗುಬಿಟ್ಟು, ಅದೇ ತೂತಿನಿಂದ ಕಲ್ಲು ಕಟ್ಟಿದ ದಾರ ಇಳಿಬಿಟ್ಟು ಗೆರೆ ಎಳೆಯಿರಿ. ಇನ್ನೊಂದು ತೂತಿನಿಂದಲೂ ಹಾಗೆಯೇ. ಗೆರೆಗಳು ಕೂಡಿದ ಕಡೆ ಆ ರಟ್ಟಿನ ಗುರುತ್ವ ಕೇಂದ್ರವಿದೆ. ಪಾದ ಎಲ್ಲಿರಬೇಕು, ಪೀಠ ಎಷ್ಟು ಅಗಲವಿರಬೇಕು ಎಂಬುದು ಮಣ್ಣು ಮುಟ್ಟುವ ಮುಂಚೆಯೇ ಸುಮಾರಾಗಿ ಗೊತ್ತಾಗಿಬಿಡುತ್ತದೆ.

ಪೀಠದ ಮೇಲೆ ಏನಿಡಬೇಕು ಎಂಬುದಕ್ಕೂ ಲೆಕ್ಕವಿದೆ. 60ರಲ್ಲಿ ಒಂದರ ಅಳತೆಯಲ್ಲಿ ಒಂದು ಮಿ.ಮೀ.ನ ಮರಳುಕಣ 6 ಸೆಂ.ಮೀ.ನ ಜಲ್ಲಿಕಲ್ಲು. ಒಂದೂವರೆ ಮಿ.ಮೀ.ನ ರಾಗಿಕಾಳು 9 ಸೆಂ.ಮೀ.ನ ಗುಂಡುಕಲ್ಲು. ಮರದ ತೊಗಟೆಯ ಚೂರು ಬಂಡೆಯ ಗೋಡೆ. ಯುರೋಪಿನ ಹವ್ಯಾಸಿಗಳು ಬರ್ಚ್ ಮರದ ಬೀಜದ ಜೊತೆಗಿರುವ ಸಣ್ಣ ಹೊಟ್ಟುಗಳನ್ನು ಒಣಗಿದೆಲೆಗಳೆಂದು ಹರಡುತ್ತಾರೆ. ನಿಮ್ಮ ಶಾಲೆಯ ಅಂಗಳದಲ್ಲಿ ಯಾವುದು ಏನಾಗಬಲ್ಲದೆಂದು ಮಕ್ಕಳೇ ಅಳತೆಪಟ್ಟಿ ಹಿಡಿದು ಹುಡುಕಲಿ. ಗುಣಾಕಾರ, ಭಾಗಾಕಾರದ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ.

ತುಪ್ಪಳಕ್ಕೂ ಪೀಠಕ್ಕೂ ನಂಟು ಹಾಕುವುದು ಗಾಳಿ. ಪೀಠದ ಹುಲ್ಲು ಎಡಕ್ಕೆ ಬಾಗಿದ್ದರೆ ಜೂಲೂ ಎಡಕ್ಕೆ ಹಾರಬೇಕು. ನೆಲದಲ್ಲಿ ನೀರಿದ್ದರೆ ಕಾಲಿನ ಕೂದಲು ಒದ್ದೆಯಾಗಿ ಅಂಟಿರಬೇಕು. ಶತ್ರು ಎದುರಿಗಿದ್ದರೆ ಬೆನ್ನಿನ ಕೂದಲು ನಿಮಿರಬೇಕು. ಕೂದಲಿನ ಬುಡದ ಪುಟ್ಟ ಸ್ನಾಯು ಕುಗ್ಗಿದಾಗ ಹಾಗಾಗುತ್ತದೆ. ನಮಗೂ ಆಗುತ್ತದೆ, ರೋಮಾಂಚನ ಎನ್ನುತ್ತೇವೆ.

ಇಷ್ಟೆಲ್ಲಕ್ಕೆ ಸಮಯವೆಲ್ಲಿ, ಪಾಠ ಮುಗಿಸಬೇಡವೇ ಎಂದು ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ನಾಲ್ಕು ಪೀರಿಯಡ್ಡು ಹಿಡಿಯುತ್ತದೆ, ಕೋಣೆ ಕೊಳೆಯಾಗುತ್ತದೆ. ಆದರೆ ವಿಜ್ಞಾನ ಪ್ರದರ್ಶನದ ಹಿಂದಿನ ದಿನ ಪೇಟೆಯಿಂದ ಥರ್ಮೋಕೋಲ್ ಮಾದರಿ ಕೊಂಡು ತಂದು, ಮಗುವಿನ ಹೆಸರು ಬರೆದು ಇಡುವುದಕ್ಕೂ ನಾವು ಸಮಯ ಕೊಡುತ್ತಿದ್ದೇವೆ. ಅದರಲ್ಲಿ ಮಗು ಯಾವ ಪ್ರಶ್ನೆಯನ್ನೂ ಎದುರಿಸಿರುವುದಿಲ್ಲ.

ಆ ಹುಡುಗಿಯ ಹುತ್ತ ನನಗೆ ಈಗಲೂ ನೆನಪಾಗುತ್ತದೆ. ಕರಡಿ ಗೆದ್ದಲು ತಿನ್ನುತ್ತದೆ. ಉದ್ದನೆಯ ಉಗುರಿನಿಂದ ಹುತ್ತ ಬಗೆದು, ಮೂತಿ ಒಳಗಿಟ್ಟು, ಗೆದ್ದಲನ್ನು ಹೀರಿಕೊಳ್ಳುತ್ತದೆ. ಆಕೆ ತನ್ನ ಪ್ರಾಣಿಗೆ ಊಟ ಇಟ್ಟಿದ್ದಳು. ಆದರೆ ಅಷ್ಟಗಲದ ಕೊಂಬು ಹೊತ್ತು ಹುತ್ತದೊಳಗೆ ಮೂತಿ ಹಾಕುವುದು ಹೇಗೆ? ಈ ಪ್ರಶ್ನೆ ಕೇಳಿದ್ದರೆ ಆಕೆ ಏನಾದರೂ ಉತ್ತರ ಕೊಡುತ್ತಿದ್ದಳು, ಇಲ್ಲವೇ ಕೊಂಬನ್ನು ಬದಲಿಸುತ್ತಿದ್ದಳು. ನಾವು ಕೇಳಲಿಲ್ಲ.

ಮುಂದಿನ ಸಲ ನೀವು ತೀರ್ಪುಗಾರರಾಗಿ ಕುಳಿತಾಗ ಮೂರು ಪ್ರಶ್ನೆ ಕೇಳಿ: ಇದು ಏನು ತಿನ್ನುತ್ತದೆ? ಮಳೆ ಬಂದರೆ ನೀರು ಮೈಮೇಲಿಂದ ಎಲ್ಲಿಗೆ ಇಳಿಯುತ್ತದೆ? ಗಾಳಿ ಯಾವ ಕಡೆಯಿಂದ? ಅಂದ ಹಾಗೆ, ಜೇಡಿಮಣ್ಣನ್ನು ಬೇಸಿಗೆಯಲ್ಲಿ ಕೆರೆ ಬತ್ತಿದಾಗಲೇ ತಂದು, ಜರಡಿ ಹಿಡಿದು, ಒದ್ದೆ ಗೋಣಿಯಲ್ಲಿ ಸುತ್ತಿಡಿ. ಸ್ವಲ್ಪ ಹತ್ತಿಯ ಎಳೆ ಬೆರೆಸಿದರೆ ಒಣಗುವಾಗ ಬಿರುಕು ಕಡಿಮೆ. ಕುಚ್ಚು ಒತ್ತಲು ಹಂಚಿಕಡ್ಡಿಯನ್ನು ಕೆತ್ತಿದರೆ ಸಾಕು. ನೀರಿನಲ್ಲಿ ಅದ್ದುತ್ತಿದ್ದರೆ ಮಣ್ಣು ಅಂಟುವುದಿಲ್ಲ.