ಉಜ್ಜುವ ಮೊದಲು ಓದಿ

ಮಕ್ಕಳೇ, ಬಂದೂಕು ಎಂದ ಕೂಡಲೇ ನಿಮಗೆ ನೆನಪಾಗುವುದು ‘ಢಂ’ ಎನ್ನುವ ಸದ್ದು ತಾನೇ? ಈ ವಾರ ಆ ಸದ್ದು ಬೇಡ. ಬಂದೂಕಿನ ಮೈಮೇಲೆ ಬರೆದಿರುವುದನ್ನು ಓದೋಣ. ಹಳೆಯ ಕಾಲದಲ್ಲಿ ರಾಜರು, ಸರದಾರರು ಬಂದೂಕು ಮಾಡಿಸುವಾಗ ತಮಗೆ ಬೇಕಾದ ಚಿತ್ರ, ಹೂಬಳ್ಳಿ, ಅಕ್ಷರಗಳನ್ನು ಹೇಳಿ ಕೆತ್ತಿಸುತ್ತಿದ್ದರು.

ಇದನ್ನು ನೋಡಲು ದೂರದ ಕತೆ ಬೇಕಿಲ್ಲ. ನಮ್ಮ ಶ್ರೀರಂಗಪಟ್ಟಣವೇ ಸಾಕು. ಟಿಪ್ಪು ಸುಲ್ತಾನ್ 1782ರಿಂದ 1799ರವರೆಗೆ ಆಳಿದ. ಅವನ ಕಾರ್ಖಾನೆಗಳಲ್ಲಿ ಕಿಡಿಕಲ್ಲಿನ ಬಂದೂಕುಗಳು ತಯಾರಾಗುತ್ತಿದ್ದವು. ಕಿಡಿಕಲ್ಲನ್ನು ಕಚ್ಚಿ ಹಿಡಿದಿದ್ದು, ಬಡಿದು ಕಿಡಿ ಹಾರಿಸುವ ಭಾಗಕ್ಕೆ ಕನ್ನಡದಲ್ಲಿ ‘ಕುದುರೆ’ ಎನ್ನುತ್ತಾರೆ. ಟಿಪ್ಪುವಿನ ಕೆಲವು ಬಂದೂಕುಗಳಲ್ಲಿ ಆ ಕುದುರೆ ಹುಲಿಯಾಗಿಬಿಟ್ಟಿದೆ! ನಳಿಗೆಯ ಮೇಲೆ ಹುಲಿಯ ಮೈಯ ಪಟ್ಟೆಗಳು. ಅವನ ಆಯುಧಗಳಲ್ಲಿ ಇನ್ನೊಂದು ಚಮತ್ಕಾರವೂ ಉಂಟು. ‘ದೇವರ ಸಿಂಹವೇ ಗೆಲ್ಲುವುದು’ ಎಂಬ ಅರ್ಥದ ಅರಬ್ಬಿ ಅಕ್ಷರಗಳನ್ನು ಎಡಕ್ಕೂ ಬಲಕ್ಕೂ ಕನ್ನಡಿಯಂತೆ ಬರೆದು, ಹುಲಿಯ ಮುಖ ಮೂಡಿಸಿದ್ದಾರೆ. ದೂರದಿಂದ ನೋಡಿದರೆ ಹುಲಿ, ಹತ್ತಿರ ಬಂದರೆ ಅಕ್ಷರ.

ಗಟ್ಟಿ ಕಬ್ಬಿಣದ ಮೇಲೆ ಇದನ್ನೆಲ್ಲ ಹೇಗೆ ಮಾಡುತ್ತಿದ್ದರು? ಮೂಲ ಕೆಲಸ ಕೆತ್ತನೆ. ಮೊನಚಾದ ಸಣ್ಣ ಉಳಿಯನ್ನು ಕೈಯಿಂದ ಒತ್ತುತ್ತಾ, ಇಲ್ಲವೇ ಪುಟ್ಟ ಸುತ್ತಿಗೆಯಿಂದ ತಟ್ಟುತ್ತಾ, ಕೂದಲೆಳೆಯಂಥ ಗೆರೆ ತೆಗೆಯಬೇಕು. ಕಾಗದದ ಮೇಲಾದರೆ ರಬ್ಬರಿನಿಂದ ಅಳಿಸಬಹುದು. ಕಬ್ಬಿಣದ ಮೇಲೆ ತಪ್ಪಿದ ಗೆರೆಗೆ ರಬ್ಬರ್ ಇಲ್ಲ.

ಚಿನ್ನ ಕೂರಿಸುವ ಕೆಲಸಕ್ಕೆ ನಮ್ಮ ದೇಶದಲ್ಲಿ ‘ಕೋಫ್ತ್‌ಗಾರಿ’ ಎಂದು ಹೆಸರು. ಮೊದಲು ಕಬ್ಬಿಣದ ಮೇಲೆ ಅಡ್ಡಡ್ಡ, ಉದ್ದುದ್ದ ಸಣ್ಣ ಗೀರು ಎಳೆದು ಮೈಯನ್ನು ತರಿತರಿ ಮಾಡುತ್ತಾರೆ. ಅದರ ಮೇಲೆ ಚಿನ್ನದ ತೆಳುವಾದ ತಂತಿಯನ್ನು ಬೇಕಾದ ಆಕಾರಕ್ಕೆ ಬಾಗಿಸಿ ಇಟ್ಟು ತಟ್ಟಿದರೆ, ಗೀರುಗಳು ಚಿನ್ನವನ್ನು ಹಲ್ಲಿನಂತೆ ಕಚ್ಚಿಕೊಳ್ಳುತ್ತವೆ. ಆಮೇಲೆ ಕಾಯಿಸಿ, ನುಣುಪಾದ ಕಲ್ಲಿನಿಂದ ತಿಕ್ಕಿ ಹೊಳಪು ತರುತ್ತಾರೆ. ಬೀದರಿನ ಬಿದರಿ ಕೆಲಸ ನೋಡಿದವರಿಗೆ ಇದು ಅದರ ನೆಂಟನಂತೆ ಕಾಣಬಹುದು. ಅಲ್ಲಿ ಸತುವಿನ ಪಾತ್ರೆಯಲ್ಲಿ ತೋಡು ತೆಗೆದು ಬೆಳ್ಳಿ ಕೂರಿಸುತ್ತಾರೆ.

1799ರ ಮೇ 4ರಂದು ಟಿಪ್ಪು ಮಡಿದ, ಕೋಟೆ ಬಿತ್ತು. ಅರಮನೆಯ ವಸ್ತುಗಳು ಇಂಗ್ಲಿಷರ ಪಾಲಾಗಿ ಸಮುದ್ರ ದಾಟಿದವು. ಅವನ ಬಂದೂಕುಗಳು ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಂಥ ಕಡೆ ಇವೆ. ಇನ್ನೂರು ವರ್ಷ ದಾಟಿದ ಮೇಲೂ ‘ಇದು ಶ್ರೀರಂಗಪಟ್ಟಣದ್ದು’ ಎಂದು ಗುರುತಿಸುವುದು ಹೇಗೆ? ಬಂದೂಕುಗಳೇ ಹೇಳುತ್ತವೆ. ಕೆಲವುದರ ಮೇಲೆ ಮಾಡಿದ ಊರು, ವರ್ಷ, ಕೆಲಸಗಾರನ ಹೆಸರು ಪಾರಸಿ ಲಿಪಿಯಲ್ಲಿವೆ. ಯೋಚಿಸಿ, ಸುಲ್ತಾನನ ಹೆಸರು ಪಾಠಪುಸ್ತಕದಲ್ಲಿದೆ. ಬೆವರು ಸುರಿಸಿದ ಕುಶಲಕರ್ಮಿಯ ಹೆಸರು ಉಳಿದಿರುವುದು ಆ ಲೋಹದ ಮೇಲೆ ಮಾತ್ರ. ಅದು ಅಳಿಸಿದರೆ ಅವನೂ ಅಳಿದಂತೆಯೇ.

ಹಾಗೆ ಅಳಿಸುವುದು ಕಳ್ಳರೇ ಆಗಬೇಕಿಲ್ಲ, ಪ್ರೀತಿಯಿಂದಲೂ ಅಳಿಸಬಹುದು. ‘ಹಳೇದಾಯಿತು, ಫಳಫಳ ಹೊಳೆಯಲಿ’ ಎಂದು ಉಪ್ಪುಕಾಗದ ಹಾಕಿ ಉಜ್ಜಿದರೆ ತುಕ್ಕಿನ ಜೊತೆಗೆ ಗೆರೆಯೂ ಹೋಗುತ್ತದೆ. ಕೋಫ್ತ್‌ಗಾರಿಯ ಚಿನ್ನ ತೀರಾ ತೆಳು, ಅದು ಇನ್ನೂ ಬೇಗ ಹೋಗುತ್ತದೆ. ಕೊಡಗಿನ ಮನೆಗಳಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗಳನ್ನು ಶುಚಿ ಮಾಡಿ, ತೋಕ್‌ಪೂ ಸಿಕ್ಕಿಸಿ ಪೂಜಿಸುತ್ತಾರೆ. ಅಂಥ ಮನೆಗಳ ಹಿರಿಯರಲ್ಲಿ ಒಂದು ಮಾತು: ಹಳೆಯ ಕೋವಿಗೆ ಮೆತ್ತನೆ ಹತ್ತಿಬಟ್ಟೆ, ಒಂದೆರಡು ಹನಿ ಎಣ್ಣೆ ಸಾಕು. ಮಕ್ಕಳಿಗೂ ಒಂದು ಮಾತು: ಎಷ್ಟೇ ಹಳೆಯದಾದರೂ ಕೋವಿಯನ್ನು ನೀವಾಗಿಯೇ ಮುಟ್ಟಬಾರದು. ಒಳಗೆ ಮದ್ದು ಉಳಿದಿರಬಹುದು. ದೊಡ್ಡವರು ತೋರಿಸಿದಾಗ ಕಣ್ಣಿನಿಂದ ನೋಡಿ.

ಕೊನೆಗೊಂದು ಒಗಟು. ಟಿಪ್ಪು ಹೊಸ ವರ್ಷಗಣನೆಯೊಂದನ್ನು ತಂದು, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಅವನ ಒಂದು ನಾಣ್ಯದ ಮೇಲೆ ಎಡದಿಂದ ಓದಿದರೆ 5121 ಎಂದು ಕಾಣುತ್ತದೆ. ನಿಜವಾದ ವರ್ಷ ಯಾವುದು? ತಿರುಗಿಸಿ ಓದಿ: 1215. ನಮ್ಮ ಲೆಕ್ಕದಲ್ಲಿ ಅದು ಸುಮಾರು 1787.

ಈ ವಾರದ ಕೆಲಸ: ನಿಮ್ಮ ಮನೆಯಲ್ಲಿ ಬಂದೂಕು ಇಲ್ಲದಿರಬಹುದು, ಹಿತ್ತಾಳೆ ಬಿಂದಿಗೆಯೋ ಕಂಚಿನ ತಟ್ಟೆಯೋ ಇದ್ದೇ ಇರುತ್ತದೆ. ಅದರ ಕಂಠ, ಅಂಚು, ತಳ ನೋಡಿ. ಚುಕ್ಕಿ ಚುಕ್ಕಿಯಾಗಿ ಹೊಡೆದ ಹೆಸರು, ಮದುವೆಯ ತಾರೀಖು ಕಾಣುತ್ತದೆಯೇ? ಅದು ಯಾರದೆಂದು ಅಜ್ಜ ಅಜ್ಜಿಯನ್ನು ಕೇಳಿ, ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ ಬೇಕಾದರೆ ಹುಣಸೆಹಣ್ಣು ಹಾಕಿ ತೊಳೆಯಿರಿ, ಹೆಸರಿರುವ ಕಡೆ ಮಾತ್ರ ಮೆಲ್ಲಗೆ.